ಬೈ-ಟು ಕಾಫಿಯ ‘ಬೈ’, ಥರ್ಟಿ-ಫಾರ್ಟಿ ಸೈಟಿನ ‘ಬೈ’

ವಿಜಯನಗರದ ನಮ್ಮ ಬೀದಿಯ ದರ್ಶಿನಿಯಲ್ಲಿ ‘ಒಂದು ಬೈ-ಟು ಕಾಫಿ’ ಅಂದರೆ ಒಂದು ಕಾಫಿ ಎರಡು ಲೋಟಕ್ಕೆ ಹಂಚಿ ಬರುತ್ತದೆ. ಅದರ ಎದುರಿನ ಕರೆಂಟು ಕಂಬಕ್ಕೆ ‘30 ಬೈ 40 ಸೈಟು ಮಾರಾಟಕ್ಕಿದೆ’ ಎಂಬ ಚೀಟಿ ಅಂಟಿಸಿದ್ದಾರೆ. ಅದನ್ನು ಓದಿದವರು ಯಾರೂ ಮೂವತ್ತನ್ನು ನಲವತ್ತು ಪಾಲು ಮಾಡುವುದಿಲ್ಲ. ಗುಣಿಸಿ, 1,200 ಚದರಡಿ ಎಂದು ಲೆಕ್ಕ ಹಾಕಿಕೊಂಡು ಮುಂದೆ ಹೋಗುತ್ತಾರೆ. ಕಾಫಿಯಲ್ಲಿ ಭಾಗಿಸುವ ‘ಬೈ’ ಸೈಟಿನಲ್ಲಿ ಗುಣಿಸುತ್ತದೆ. ಅದೇ ಬೀದಿಯ ಮನೆ ನಂಬರು ‘ಹದಿನಾಲ್ಕು ಬೈ ಎರಡು’ ಅಂದಾಗ ಅಲ್ಲಿ ಭಾಗಾಕಾರವೂ ಇಲ್ಲ, ಗುಣಾಕಾರವೂ ಇಲ್ಲ. ನಡುವೆ ಎಳೆದ ಓರೆ ಗೆರೆಗೆ ಅದು ಹೆಸರು, ಅಷ್ಟೇ.

ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರೆಲ್ಲ ಕನ್ನಡ ಮಾಧ್ಯಮದಲ್ಲಿ ಓದಿ, ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು: ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿರುವವಳು, ಊಟ ತಲುಪಿಸುವ ಹುಡುಗರು, ನರ್ಸಿಂಗ್ ಓದುವ ಹುಡುಗಿ, ಅಪಾರ್ಟ್‌ಮೆಂಟೊಂದರ ಎಲೆಕ್ಟ್ರಿಷಿಯನ್. ಅವರಿಗೆ ‘ಇನ್ವೆಸ್ಟಿಗೇಟ್’, ‘ಪೋಸ್ಟ್‌ಪೋನ್’ ಇಂಥವು ಕಷ್ಟವಲ್ಲ. ಒಂದು ಸಲ ಅರ್ಥ ಬರೆದುಕೊಂಡರೆ ಮುಗಿಯಿತು. ಅವರನ್ನು ಸುಸ್ತು ಮಾಡುವುದು ‘ಬೈ’, ‘ಆನ್’, ‘ಅಪ್’, ‘ಗೆಟ್’, ‘ದಿ’ ಥರದ ಎರಡು ಮೂರು ಅಕ್ಷರದ ಪದಗಳು. ಪ್ರತಿ ವಾರ ಯಾರಾದರೊಬ್ಬರು ಕೇಳುತ್ತಾರೆ: “ಮೇಡಂ, ಇದಕ್ಕೆ ಕನ್ನಡದಲ್ಲಿ ಏನಂತಾರೆ?” ಆ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಬೇಕು ಅನ್ನುವುದು ಇಷ್ಟು ವರ್ಷ ಹೇಳಿಕೊಟ್ಟ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವ ವಿಷಯ. ಸಣ್ಣ ಪದಕ್ಕೆ ‘ಏನರ್ಥ’ ಅಂತ ಕೇಳಿದರೆ ಉತ್ತರ ಸಿಗದು. ‘ಇಲ್ಲಿ ಏನು ಕೆಲಸ ಮಾಡುತ್ತಿದೆ, ಆ ಕೆಲಸವನ್ನು ನಮ್ಮ ಮಾತಿನಲ್ಲಿ ಯಾವುದು ಮಾಡುತ್ತದೆ’ ಅಂತ ಕೇಳಿದರೆ ಸಿಗುತ್ತದೆ.

‘ಬೈ’ಯನ್ನೇ ಹಾಗೆ ಕೇಳಿ ನೋಡಿ. ಲೆಕ್ಕದ ಮೇಷ್ಟ್ರು ಕನ್ನಡದಲ್ಲಿ ಏನು ಹೇಳುತ್ತಿದ್ದರು? ‘ಎರಡರಿಂದ ಭಾಗಿಸು’, ‘ನಲವತ್ತರಿಂದ ಗುಣಿಸು’. ಇಂಗ್ಲಿಷಿನಲ್ಲೂ ‘ಡಿವೈಡೆಡ್ ಬೈ ಟು’, ‘ಮಲ್ಟಿಪ್ಲೈಡ್ ಬೈ ಫಾರ್ಟಿ’. ‘ಬೈ’ ಎರಡು ಕಡೆಯೂ ಮಾಡುವುದು ನಮ್ಮ ‘ಇಂದ’ದ ಕೆಲಸವನ್ನೇ. ಭಾಗಿಸು, ಗುಣಿಸು ಎಂಬ ದೊಡ್ಡ ಪದಗಳು ಬಳಕೆಯಲ್ಲಿ ಸವೆದು ಬಿದ್ದುಹೋಗಿ, ಕೊಂಡಿ ಮಾತ್ರ ಉಳಿದಿದೆ. ಭಾಗಿಸಿತೋ ಗುಣಿಸಿತೋ ಎನ್ನುವುದನ್ನು ಪಕ್ಕದಲ್ಲಿರುವ ಕಾಫಿಯೋ ಸೈಟೋ ಹೇಳಬೇಕು. ಅಂದ ಹಾಗೆ, ‘ಬೈ-ಟು’ ಅಂತ ಲಂಡನ್ನಿನ ಹೋಟೆಲಿನಲ್ಲಿ ಕೇಳಿದರೆ ಅರ್ಥವಾಗುವುದಿಲ್ಲ. ಅಲ್ಲಿಯವರು ಅರ್ಧಕ್ಕೆ ‘ಹಾಫ್’ ಅನ್ನುತ್ತಾರೆ. ಅಂಶ ಮೇಲೆ, ಛೇದ ಕೆಳಗೆ ಇರುವ ಲೆಕ್ಕವನ್ನು ‘ಒನ್ ಓವರ್ ಟು’ ಅಂತ ಓದುತ್ತಾರೆ.

‘ಬೈ’ಗೆ ಹಳೆಯ ಇಂಗ್ಲಿಷಿನಲ್ಲಿ ಇದ್ದ ಅರ್ಥ ‘ಪಕ್ಕ, ಬಳಿ’. ‘ಬೈ ದ ವಿಂಡೋ’ ಅಂದರೆ ಕಿಟಕಿ ಪಕ್ಕ. ಅದು ಇನ್ನೂ ಬದುಕಿದೆ. ‘ಬೈ ಬಸ್’ ಅಂದರೆ ಬಸ್ಸಿನಲ್ಲಿ. ಬಾಡಿಗೆಯನ್ನು ‘ಬೈ ಫೈವ್ ಹಂಡ್ರೆಡ್’ ಏರಿಸಿದರು ಅಂದಾಗ ಕನ್ನಡದಲ್ಲಿ ಅದಕ್ಕೆ ಪದವೇ ಬೇಡ: ‘ಐನೂರು ಏರಿಸಿದರು’. ಆದರೆ ಒಂದು ‘ಬೈ’ ಮಾತ್ರ ಕೆಲಸಕ್ಕೇ ಕುತ್ತು ತರಬಹುದು. ‘ಸೆಂಡ್ ಇಟ್ ಬೈ ಫೈವ್’ ಅಂದರೆ ಐದು ಗಂಟೆಯ ಒಳಗೆ ಕಳಿಸು. ‘ವೆಯ್ಟ್ ಟಿಲ್ ಫೈವ್’ ಅಂದರೆ ಐದರ ತನಕ ಕಾಯಿ. ನಮ್ಮ ಸೂಪರ್‌ವೈಸರ್ ಹುಡುಗಿ ಒಮ್ಮೆ ‘ಐ ವಿಲ್ ಗಿವ್ ಟಿಲ್ ಫೈವ್’ ಅಂತ ಮೆಸೇಜು ಹಾಕಿದಳು. ಅತ್ತ ಕಡೆಯವರು ಇವಳು ಐದರವರೆಗೂ ಕೊಡುತ್ತಲೇ ಇರುತ್ತಾಳೆ ಅಂದುಕೊಂಡು ನಿಧಾನಕ್ಕೆ ಬಂದರು. ‘ಒಳಗೆ’ ಬಂದರೆ ‘ಬೈ’, ‘ತನಕ’ ಬಂದರೆ ‘ಟಿಲ್’. ಕನ್ನಡದಲ್ಲಿ ಈ ಎರಡನ್ನು ನಾವು ಎಂದೂ ಅದಲುಬದಲು ಮಾಡುವುದಿಲ್ಲ, ಹಾಗಾಗಿ ಮೊದಲು ಕನ್ನಡದಲ್ಲಿ ಯೋಚಿಸುವುದೇ ಇಲ್ಲಿ ಸುರಕ್ಷಿತ.

ಇಷ್ಟು ಸಣ್ಣ ಪದಗಳಿಗೆ ಇಷ್ಟೊಂದು ಕೆಲಸ ಯಾಕೆ ಬಂತು? ಹೆಚ್ಚು ಬಳಸುವ ಪದ ಗಿಡ್ಡವಾಗಿರುತ್ತದೆ ಎಂಬುದನ್ನು ಅಮೆರಿಕದ ಜಾರ್ಜ್ ಕಿಂಗ್ಸ್ಲಿ ಜಿಫ್ 1930ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದ. ದಿನವೂ ಬಾಯಿಗೆ ಬರುವ ಪದ ಸವೆದು ಚಿಕ್ಕದಾಗುತ್ತದೆ, ಚಿಕ್ಕದಾದದ್ದು ಇನ್ನಷ್ಟು ಕಡೆ ಕೈಗೆ ಸಿಗುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ ನಾನೂರಕ್ಕಿಂತ ಹೆಚ್ಚು ಅರ್ಥಗಳಿದ್ದವು. ಮುಂದೆ ನಿಘಂಟನ್ನು ಪರಿಷ್ಕರಿಸುತ್ತಾ ಹೋದಾಗ ‘ರನ್’ ಅದನ್ನು ಹಿಂದೆ ಹಾಕಿ 645 ಅರ್ಥಗಳಿಗೆ ಮುಟ್ಟಿತು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟು ಹೊರತಂದಾಗ, ಕ್ರಿಯಾಪದದ ಹಿಂದೆ ಒಂದು ಸಣ್ಣ ಪದ ಸೇರಿ ಅರ್ಥವೇ ಬೇರೆಯಾಗುವ ಈ ವಿಷಯ ಪರದೇಶದವರಿಗೆ ಬಹಳ ಕಷ್ಟ ಕೊಡುತ್ತದೆ ಎಂದು ಮುನ್ನುಡಿಯಲ್ಲೇ ಬರೆದ. ನಮ್ಮ ಭಾನುವಾರದ ಹುಡುಗರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಕಷ್ಟ ಅವರ ತಲೆಯಲ್ಲಿಲ್ಲ, ಆ ಪದಗಳಲ್ಲೇ ಇದೆ.

ನಮ್ಮ ಭಾಷೆಯೂ ಹೀಗೆಯೇ ಇದೆ ಎನ್ನುವುದು ಹೊರಗಿನವರು ಕನ್ನಡ ಕಲಿಯುವಾಗ ಗೊತ್ತಾಗುತ್ತದೆ. ಪಟನಾದಿಂದ ಬಂದ ಪಕ್ಕದ ಮನೆಯ ಹುಡುಗ ಒಂದು ನೋಟ್ ಬುಕ್ ಇಟ್ಟುಕೊಂಡು ಕನ್ನಡ ಕಲಿಯುತ್ತಿದ್ದ. ‘ಹೊಡಿ’ ಎಂಬುದಕ್ಕೆ ಹಿಂದಿಯಲ್ಲಿ ಒಂದು ಅರ್ಥ ಬರೆದುಕೊಂಡು ಖುಷಿಯಾಗಿದ್ದ. ಒಂದು ವಾರದಲ್ಲಿ ಅವನ ಪುಟ ತುಂಬಿತು: ನಿದ್ದೆ ಹೊಡಿ, ಸುಣ್ಣ ಹೊಡಿ, ಗಿಡಕ್ಕೆ ಔಷಧಿ ಹೊಡಿ, ಬೋರು ಹೊಡೀತು, ವಾಸನೆ ಹೊಡೀತಿದೆ, ಬಿಸಿಲು ಹೊಡೀತಿದೆ, ಲಾಟರಿ ಹೊಡೀತು. “ಆಂಟಿ, ಯಾರು ಯಾರನ್ನ ಹೊಡೀತಾರೆ ಇಲ್ಲಿ?” ಅಂತ ಕೇಳಿದ. ಇದೇ ಪ್ರಶ್ನೆಯನ್ನು ನಮ್ಮ ಹುಡುಗರು ‘ಗೆಟ್’ ಬಗ್ಗೆ ಕೇಳುತ್ತಾರೆ. ಅವನ ಪುಟವನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದಾಗ ಅಲ್ಲಿದ್ದವರ ಮುಖದಲ್ಲಿ ಆದ ಬದಲಾವಣೆ ನನಗೆ ಇನ್ನೂ ನೆನಪಿದೆ. ತಾವು ಆಗಲೇ ಇಂಥ ಒಂದು ಭಾಷೆಯನ್ನು ಪೂರ್ತಿ ಕಲಿತವರು ಎಂಬುದು ಅವತ್ತು ಅವರಿಗೆ ಹೊಳೆಯಿತು.

ಮೊದಲು ಜಾಗ ತೋರಿಸುವ ಪದಗಳು. ಶಾಲೆಯಲ್ಲಿ ನಾವು ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಅಂತ ವಿಭಕ್ತಿ ಪ್ರತ್ಯಯಗಳನ್ನು ರಾಗವಾಗಿ ಬಾಯಿಪಾಠ ಮಾಡಿದ್ದೇವೆ. ಕನ್ನಡದಲ್ಲಿ ಪದದ ಬಾಲಕ್ಕೆ ಅಂಟುವ ಈ ಪ್ರತ್ಯಯಗಳ ಕೆಲಸವನ್ನೇ ಇಂಗ್ಲಿಷಿನಲ್ಲಿ ಪದದ ಮುಂದೆ ಬಿಡಿಯಾಗಿ ನಿಲ್ಲುವ ಸಣ್ಣ ಪದಗಳು ಮಾಡುತ್ತವೆ. ಕಚೇರಿಗೆ ಬರೆಯುವ ಕನ್ನಡ ಅರ್ಜಿಯ ತಲೆಯಲ್ಲಿ ‘ಇಂದ,’ ‘ಗೆ,’ ಎಂದು ಪ್ರತ್ಯಯಗಳನ್ನೇ ಒಂಟಿಯಾಗಿ ನಿಲ್ಲಿಸುತ್ತೇವಲ್ಲ, ಅದು ‘ಫ್ರಮ್’, ‘ಟು’ ನೋಡಿ ಕಲಿತದ್ದು. ಎರಡು ಭಾಷೆಯ ಕೊಂಡಿಗಳು ಎದುರುಬದುರು ಕೂತಿರುವುದನ್ನು ಕಣ್ಣಾರೆ ನೋಡಬೇಕಾದರೆ ಆ ಅರ್ಜಿ ಸಾಕು.

ತೊಡಕು ಎಲ್ಲಿ ಅಂದರೆ, ನಮ್ಮ ಒಂದು ‘ಅಲ್ಲಿ’ ಇರುವ ಕಡೆ ಅವರಿಗೆ ‘ಆ್ಯಟ್’, ‘ಆನ್’, ‘ಇನ್’ ಮೂರಿವೆ. ಸ್ಟಾಪಿನಲ್ಲಿ, ರಸ್ತೆಯಲ್ಲಿ, ಮಲ್ಲೇಶ್ವರದಲ್ಲಿ: ಮೂರಕ್ಕೂ ನಮಗೆ ಒಂದೇ. ಇಂಗ್ಲಿಷಿನವರು ಒಂದು ಚುಕ್ಕಿಯ ಹಾಗೆ ಕಂಡದ್ದಕ್ಕೆ ‘ಆ್ಯಟ್’, ಗೆರೆ ಅಥವಾ ಮೈ ಇರುವುದಕ್ಕೆ ‘ಆನ್’, ಸುತ್ತ ಎಲ್ಲೆ ಇರುವುದಕ್ಕೆ ‘ಇನ್’ ಹಾಕುತ್ತಾರೆ. ಹಾಗಾಗಿ ಬಸ್ ಸ್ಟಾಪಿಗೆ ‘ಆ್ಯಟ್’, ಸಂಪಿಗೆ ರಸ್ತೆಗೆ ‘ಆನ್’, ಮಲ್ಲೇಶ್ವರಕ್ಕೆ ‘ಇನ್’. ಗಾಡಿಗಳ ವಿಷಯದಲ್ಲಿ ಹುಡುಗರಿಗೆ ನಾನು ಕೊಡುವ ಗುರುತು ಬೇರೆ: ಒಳಗೆ ಎದ್ದು ನಿಂತು ನಡೆಯಬಹುದಾದರೆ ‘ಆನ್’, ಮುದುರಿ ಕೂರಬೇಕಾದರೆ ‘ಇನ್’. ಬಿಎಂಟಿಸಿ ಬಸ್ಸು, ಮೆಟ್ರೋ, ರೈಲು ‘ಆನ್’. ಕಾರು, ಆಟೋ ‘ಇನ್’. ಬೈಕು ಸವಾರಿ ಮಾಡುವಂಥದ್ದು, ಅದಕ್ಕೂ ‘ಆನ್’. ಇಳಿಯುವಾಗಲೂ ಇದೇ ಜೋಡಿ ನಡೆಯುತ್ತದೆ, ‘ಗೆಟ್ ಆಫ್ ದ ಬಸ್’, ‘ಗೆಟ್ ಔಟ್ ಆಫ್ ದ ಆಟೋ’. ನಾವೆಲ್ಲ ಹೇಳುವ ‘ಗೆಟ್ ಡೌನ್’ ಕನ್ನಡದ ‘ಇಳಿ’ಯಿಂದ ಬಂದದ್ದು. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹೊರದೇಶದವರ ಜೊತೆ ಫೋನಿನಲ್ಲಿದ್ದಾಗ ಮಾತ್ರ ಬದಲಾಯಿಸಿಕೊಳ್ಳಿ.

ಹೊತ್ತಿನ ವಿಷಯಕ್ಕೆ ಬಂದರೆ ಕನ್ನಡ ಬಹಳ ಸಹಾಯ ಮಾಡುತ್ತದೆ. ಇದನ್ನು ನಾನು ಕಂಡುಕೊಂಡದ್ದು ತಡವಾಗಿ. ‘ಐದು ಗಂಟೆಗೆ ಬಾ’, ‘ಸೋಮವಾರ ಬಾ’, ‘ಜೂನಿನಲ್ಲಿ ಬಾ’ — ನಾವೂ ಮೂರು ಥರ ಹೇಳುತ್ತೇವೆ. ಗಂಟೆಗೆ ‘ಗೆ’, ವಾರಕ್ಕೆ ಏನೂ ಇಲ್ಲ, ತಿಂಗಳು ವರ್ಷಕ್ಕೆ ‘ಅಲ್ಲಿ’. ಇಂಗ್ಲಿಷಿನಲ್ಲಿ ಕ್ರಮವಾಗಿ ‘ಆ್ಯಟ್ ಫೈವ್’, ‘ಆನ್ ಮಂಡೇ’, ‘ಇನ್ ಜೂನ್’. ‘ಗೆ’ ಬಂದ ಕಡೆ ‘ಆ್ಯಟ್’, ಬೋಳಾಗಿರುವ ಕಡೆ ‘ಆನ್’, ‘ಅಲ್ಲಿ’ ಬಂದ ಕಡೆ ‘ಇನ್’. ಬೆಳಿಗ್ಗೆ, ಸಂಜೆ, ರಾತ್ರಿ ಈ ಸಾಲಿಗೆ ಸೇರುವುದಿಲ್ಲ; ಬೆಳಿಗ್ಗೆ ಸಂಜೆಗೆ ‘ಇನ್’, ರಾತ್ರಿಗೆ ‘ಆ್ಯಟ್’ ಎಂದು ಹಾಗೇ ನೆನಪಿಟ್ಟುಕೊಳ್ಳಬೇಕು.

‘ಇಂದ’ ನಮ್ಮನ್ನು ಎಡವಿಸುವ ಜಾಗ ಇನ್ನೊಂದಿದೆ. ‘ಮೂರು ವರ್ಷದಿಂದ ಇಲ್ಲಿದ್ದೀನಿ’, ‘2022ರಿಂದ ಇಲ್ಲಿದ್ದೀನಿ’. ಎರಡಕ್ಕೂ ‘ಇಂದ’ವೇ, ಎರಡಕ್ಕೂ ವರ್ತಮಾನವೇ. ಅದನ್ನು ಹಾಗೇ ಒಯ್ದು ‘ಐ ಆ್ಯಮ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಅನ್ನುತ್ತೇವೆ. ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ಇಷ್ಟು ಸಲ ಕೇಳಿಬರುವ ವಾಕ್ಯ ಇನ್ನೊಂದು ಇರಲಿಕ್ಕಿಲ್ಲ. ಪರೀಕ್ಷೆ ಸುಲಭ. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ದಿನವಾದರೆ ‘ಸಿನ್ಸ್’. ಬೆರಳು ಮಡಚಿ ಎಣಿಸಬೇಕಾದ ಅವಧಿಯಾದರೆ ‘ಫಾರ್’. ಅದರ ಜೊತೆಗೆ ‘ಆ್ಯಮ್’ ಬದಲು ‘ಹ್ಯಾವ್ ಬೀನ್’: ‘ಐ ಹ್ಯಾವ್ ಬೀನ್ ಹಿಯರ್ ಫಾರ್ ತ್ರೀ ಇಯರ್ಸ್’. ‘ಡಿಸ್ಕಸ್ ಅಬೌಟ್’ ಎಂಬಲ್ಲಿ ಅಬೌಟ್ ಬರುವುದು ನಮ್ಮ ‘ಬಗ್ಗೆ’ಯಿಂದ, ‘ಮ್ಯಾರೀಡ್ ವಿತ್’ ಎಂಬಲ್ಲಿ ವಿತ್ ಬರುವುದು ‘ಜೊತೆ’ಯಿಂದ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಕೊಂಡಿಯೇ ಬೇಡ, ಎರಡನೆಯದಕ್ಕೆ ‘ಟು’. ಇಂಥ ತಪ್ಪುಗಳನ್ನು ಅಜ್ಞಾನ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅವು ಸರಿಯಾದ ಕನ್ನಡ ವ್ಯಾಕರಣ ಬೇರೆ ಮನೆಯಲ್ಲಿ ಕೆಲಸ ಮಾಡುತ್ತಿರುವ ಗುರುತುಗಳು.

ಈಗ ‘ಆಫ್’. ಕನ್ನಡದಲ್ಲಿ ‘ಬ್ಯಾಂಕ್ ಆಫ್ ಬರೋಡಾ’ ಎಂದು ಬರೆದರೂ ‘ಫ್ಯಾನ್ ಆಫ್ ಮಾಡು’ ಎಂದು ಬರೆದರೂ ಒಂದೇ ಅಕ್ಷರ. ಬಸ್ಸಿನಲ್ಲಿ ಮಗುವಿಗೆ ಕೇಳುವ ಅರ್ಧ ಟಿಕೆಟ್ಟೂ ಎಷ್ಟೋ ಜನರ ಬಾಯಲ್ಲಿ ‘ಆಫ್ ಟಿಕೆಟ್ಟು’. ಮೂರು ಬೇರೆ ಬೇರೆ ಇಂಗ್ಲಿಷ್ ಪದಗಳು ನಮ್ಮ ಬಾಯಲ್ಲಿ ಒಂದಾಗಿವೆ. ಬ್ಯಾಂಕಿನ ‘ಆಫ್’ಗೆ ಒಂದೇ ಎಫ್, ಆದರೆ ಅದನ್ನು ಉಚ್ಚರಿಸುವುದು ‘ಅವ್’ ಅಂತ. ಫ್ಯಾನಿನ ‘ಆಫ್’ಗೆ ಎರಡು ಎಫ್, ಉಚ್ಚಾರ ‘ಆಫ್’ ಎಂದೇ. ಹಳೆಯ ಇಂಗ್ಲಿಷಿನಲ್ಲಿ ಇವೆರಡೂ ನಿಜವಾಗಿಯೂ ಒಂದೇ ಪದ. ‘ಬೇರ್ಪಟ್ಟು, ಅದರಿಂದ ದೂರ’ ಎಂಬುದು ಅದರ ಅರ್ಥ. ಒತ್ತಿ ಹೇಳುವ ಕಡೆ ಗಟ್ಟಿಯಾಗಿ ಉಳಿದದ್ದು ಎರಡು ಎಫ್‌ನ ಪದವಾಯಿತು, ತೇಲಿಸಿ ಹೇಳುವ ಕಡೆ ಮೆತ್ತಗಾದದ್ದು ‘ಅವ್’ ಆಯಿತು. ನಮ್ಮವರು ಎರಡನ್ನೂ ಒಂದೇ ಥರ ಬರೆದದ್ದು ಆಕಸ್ಮಿಕವಾದರೂ ಹಳೆಯ ನೆಂಟಸ್ತಿಕೆಗೆ ಹೊಂದಿಕೊಂಡಿದೆ.

‘ಬೇರ್ಪಡು’ ಎಂಬ ಎಳೆ ಹಿಡಿದರೆ ಎರಡು ಎಫ್‌ನ ‘ಆಫ್’ನ ಬಳಕೆಗಳು ಒಂದಕ್ಕೊಂದು ಜೋಡಿಸಿಕೊಳ್ಳುತ್ತವೆ. ಕರೆಂಟಿನ ಕೊಂಡಿ ಕಳಚಿದರೆ ಫ್ಯಾನ್ ಆಫ್. ಬೆಲೆಯಿಂದ ಇಪ್ಪತ್ತು ಪರ್ಸೆಂಟ್ ಕಳಚಿದರೆ ‘ಟ್ವೆಂಟಿ ಪರ್ಸೆಂಟ್ ಆಫ್’. ಕೆಲಸದಿಂದ ಕಳಚಿದ ದಿನ ‘ಡೇ ಆಫ್’. ವಿಮಾನ ನೆಲದಿಂದ ಕಳಚಿದರೆ ‘ಟೇಕ್ ಆಫ್’. ಹಾಲು ಒಳ್ಳೆಯ ಸ್ಥಿತಿಯಿಂದ ಜಾರಿದರೆ ‘ದ ಮಿಲ್ಕ್ ಈಸ್ ಆಫ್’, ಅಂದರೆ ಕೆಟ್ಟಿದೆ. ‘ದ ಲೈಟ್ಸ್ ವೆಂಟ್ ಆಫ್’ ಅಂದರೆ ದೀಪ ಹೋಯಿತು, ‘ದ ಅಲಾರ್ಮ್ ವೆಂಟ್ ಆಫ್’ ಅಂದರೆ ಅಲಾರಂ ಹೊಡೆದುಕೊಂಡಿತು. ಒಂದು ಆರಿತು, ಒಂದು ಶುರುವಾಯಿತು. ನಮ್ಮ ಎಲೆಕ್ಟ್ರಿಷಿಯನ್ ಇದನ್ನು ನಂಬಲು ಒಪ್ಪಲಿಲ್ಲ. ಅಲಾರಂ ತಡೆದು ಹಿಡಿದ ಸ್ಪ್ರಿಂಗಿನ ಹಾಗೆ, ಹಿಡಿತ ಕಳಚಿದಾಗ ಸಿಡಿಯುತ್ತದೆ ಅಂದೆ. ಆಮೇಲೆ ಅವನೇ ಪಟಾಕಿಗೂ ಹೀಗೇ ಹೇಳಬಹುದಾ ಅಂತ ಕೇಳಿದ. ಹೇಳಬಹುದು.

‘ಲೈಟ್ ಆಫ್ ಮಾಡು’ ಎಂಬ ಮಾತಿನಲ್ಲಿ ಇನ್ನೊಂದು ಸಂಗತಿ ಇದೆ. ಇಂಗ್ಲಿಷಿನ ‘ಸ್ವಿಚ್ ಆಫ್’ನಲ್ಲಿ ಕೆಲಸದ ಪದ ‘ಸ್ವಿಚ್’. ಕನ್ನಡ ಅದನ್ನು ಬಿಟ್ಟು ಬಾಲವನ್ನು ಮಾತ್ರ ತೆಗೆದುಕೊಂಡು ‘ಮಾಡು’ವಿಗೆ ಕಟ್ಟಿತು. ಹಾಗಾಗಿ ನಾವು ತಿರುಗಿ ಇಂಗ್ಲಿಷ್ ಮಾತಾಡುವಾಗ ‘ಆಫ್ ದ ಲೈಟ್’ ಅಂತ ಬರುತ್ತದೆ. ಇಂಗ್ಲಿಷಿನಲ್ಲಿ ‘ಆಫ್’ ಒಂಟಿಯಾಗಿ ಆ ಕೆಲಸ ಮಾಡಲಾರದು, ‘ಟರ್ನ್’ ಅಥವಾ ‘ಸ್ವಿಚ್’ ಜೊತೆಗಿರಬೇಕು.

ಇಲ್ಲಿಂದ ಜಾನ್ಸನ್ ಹೇಳಿದ ಕಷ್ಟದ ಜಾಗಕ್ಕೆ ಬಂದೆವು. ‘ಈಟ್’ ಅಂದರೆ ತಿನ್ನು. ಹಾಗಾದರೆ ‘ಈಟ್ ಅಪ್’? ಮೇಲಕ್ಕೆ ತಿನ್ನುವುದೇ? ಪುಸ್ತಕಗಳು ಇವನ್ನೆಲ್ಲ ಉದ್ದುದ್ದ ಪಟ್ಟಿ ಮಾಡಿ ಬಾಯಿಪಾಠ ಮಾಡಿ ಅನ್ನುತ್ತವೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿಸಿದೆ. ಒಂದು ದಿನ ನರ್ಸಿಂಗ್ ಓದುವ ಹುಡುಗಿ, “ಮೇಡಂ, ತಿನ್ನು ಅನ್ನೋದಕ್ಕೂ ತಿಂದುಬಿಡು ಅನ್ನೋದಕ್ಕೂ ಇರೋ ವ್ಯತ್ಯಾಸಾನಾ ಇದು?” ಎಂದಳು. ಆ ಪ್ರಶ್ನೆ ನನಗೇ ಪಾಠವಾಯಿತು. ತಿಂದುಬಿಡು ಎಂಬುದರಲ್ಲಿ ಯಾರೂ ಏನನ್ನೂ ‘ಬಿಡುವುದಿಲ್ಲ’. ಆ ‘ಬಿಡು’ ತಟ್ಟೆ ಖಾಲಿ ಮಾಡು, ಕೆಲಸ ಪೂರೈಸು ಎಂದು ಹೇಳಲಿಕ್ಕೆ ಬಂದಿದೆ. ‘ಈಟ್ ಅಪ್’ನ ‘ಅಪ್’ ಕೂಡ ಮೇಲಕ್ಕೆ ಎಂಬ ಅರ್ಥ ಬಿಟ್ಟು ಅದನ್ನೇ ಹೇಳುತ್ತದೆ. ಕುಡಿದುಬಿಡು, ‘ಡ್ರಿಂಕ್ ಅಪ್’. ಮುಗಿಸಿಬಿಡು, ‘ಫಿನಿಶ್ ಅಪ್’. ಹರಿದುಹಾಕು, ‘ಟೇರ್ ಅಪ್’. ಕೊಚ್ಚಿಹಾಕು, ‘ಚಾಪ್ ಅಪ್’.

ಅವತ್ತಿನಿಂದ ನಾವೆಲ್ಲ ಸೇರಿ ಹುಡುಕುತ್ತಾ ಹೋದೆವು. ಹಾಲು ಮುಗಿದುಹೋಯಿತು, ದೀಪ ಆರಿಹೋಯಿತು, ಚಪ್ಪಲಿ ಸವೆದುಹೋಯಿತು: ‘ರನ್ ಔಟ್’, ‘ಗೋ ಔಟ್’, ‘ವೇರ್ ಔಟ್’. ಇಲ್ಲಿ ‘ಔಟ್’ ನಮ್ಮ ‘ಹೋಗು’. ಕ್ರಿಕೆಟ್ ನೋಡುವ ಹುಡುಗರಿಗೆ ‘ರನ್ ಔಟ್’ ಅಂದರೆ ಚಿನ್ನಸ್ವಾಮಿ ಸ್ಟೇಡಿಯಂ. ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’ ಎಂದು ಗ್ರಾಹಕರೊಬ್ಬರು ಹೇಳಿದಾಗ ಊಟ ತಲುಪಿಸುವ ಹುಡುಗ ಬಹಳ ಹೊತ್ತು ಯೋಚಿಸಿದ್ದನಂತೆ. ಎತ್ತಿಡು ಅಂದರೆ ‘ಪುಟ್ ಅವೇ’. ಈ ‘ಇಡು’ ನೆಲದ ಮೇಲೆ ಇಡುವುದಲ್ಲ, ಮುಂದಕ್ಕಾಗುತ್ತೆ ಅಂತ ಭದ್ರ ಮಾಡುವುದು. ಓದುತ್ತಾ ಹೋಗು ಅಂದರೆ ‘ರೀಡ್ ಆನ್’. ‘ಗೋ ಆನ್’, ‘ಕ್ಯಾರಿ ಆನ್’, ‘ಕೀಪ್ ಆನ್’ ಎಲ್ಲದರಲ್ಲೂ ಆ ‘ಆನ್’ ಈ ‘ತ್ತಾ ಹೋಗು’. ಅಂಗಡಿಯಲ್ಲಿ ಬಟ್ಟೆ ಹಾಕಿಕೊಂಡು ನೋಡು ಅಂದರೆ ‘ಟ್ರೈ ಆನ್’. ನಮ್ಮ ‘ನೋಡು’ ಕಣ್ಣಿನ ಕೆಲಸ ಬಿಟ್ಟು ಪರೀಕ್ಷೆಯ ಕೆಲಸಕ್ಕೆ ಬಂದಿದೆ. ಕನ್ನಡ ಒಂದು ಕ್ರಿಯಾಪದದ ಹಿಂದೆ ಇನ್ನೊಂದು ಕ್ರಿಯಾಪದ ಕಟ್ಟಿ ಸಾಧಿಸುವುದನ್ನು ಇಂಗ್ಲಿಷ್ ಒಂದು ದಿಕ್ಕಿನ ಪದ ಕಟ್ಟಿ ಸಾಧಿಸುತ್ತದೆ. ಎಲ್ಲವೂ ಹೀಗೆ ಹೊಂದುವುದಿಲ್ಲ. ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೊಳ್ಳು ಎಂಬುದಕ್ಕೆ ಯಾವ ದಾರಿಯಿಂದ ಹೋದರೂ ‘ಪುಟ್’ ಸಿಗುವುದಿಲ್ಲ, ಅದನ್ನು ಇಡಿಯಾಗಿ ಕಲಿಯಬೇಕು. ಆದರೆ ಪಟ್ಟಿ ಅರ್ಧಕ್ಕರ್ಧ ಕರಗಿತು ಎನ್ನುವುದು ನಮಗೆಲ್ಲ ದೊಡ್ಡ ಸಮಾಧಾನ.

1930ರಲ್ಲಿ ಇಂಗ್ಲೆಂಡಿನ ಸಿ.ಕೆ. ಆಗ್ಡೆನ್ ಎಂಬಾತ ‘ಬೇಸಿಕ್ ಇಂಗ್ಲಿಷ್’ ಎಂಬ ಯೋಜನೆ ಮಾಡಿ, 850 ಪದ ಕಲಿತರೆ ಸಾಕು ಎಂದ. ಅದರಲ್ಲಿ ಕ್ರಿಯಾಪದಗಳು 18 ಮಾತ್ರ: ಕಮ್, ಗೋ, ಗೆಟ್, ಗಿವ್, ಪುಟ್, ಟೇಕ್ ಮೊದಲಾದವು. ‘ಎಂಟರ್’ ಬೇಡ, ‘ಗೋ ಇನ್’ ಸಾಕು. ಕೇಳಲು ಚೆನ್ನಾಗಿದೆ. ಆದರೆ ಹೊರಗಿನವರಿಗೆ ‘ಎಂಟರ್’ ಸುಲಭ, ‘ಗೋ ಇನ್ ಫಾರ್’ ಕಷ್ಟ. ಪದದ ಎಣಿಕೆ ಕಡಿಮೆಯಾದಷ್ಟೂ ಒಂದೊಂದು ಪದದ ಹೊರೆ ಹೆಚ್ಚುತ್ತದೆ ಎಂಬುದನ್ನು ಆ ಲೆಕ್ಕ ಮರೆತಿತು ಅಂತ ನನ್ನ ಅಭಿಪ್ರಾಯ.

ಆ ಹದಿನೆಂಟರಲ್ಲಿ ನಮ್ಮವರಿಗೆ ಹೆಚ್ಚು ಉಪಯೋಗವಾಗುವುದು ‘ಗೆಟ್’ ಮತ್ತು ‘ಟೇಕ್’. ‘ಗೆಟ್’ಗೆ ಶಾಲೆಯಲ್ಲಿ ‘ಪಡೆ’ ಅಂತ ಬರೆಸುತ್ತಾರೆ. ನಿಜವಾಗಿ ಅರ್ಧ ಪಾಲು ಕಡೆ ಅದು ‘ಸಿಗು’, ಉಳಿದರ್ಧ ‘ಆಗು’. ಕತ್ತಲಾಯ್ತು, ‘ಇಟ್ ಗಾಟ್ ಡಾರ್ಕ್’. ಲೇಟಾಗ್ತಿದೆ, ‘ಇಟ್ಸ್ ಗೆಟಿಂಗ್ ಲೇಟ್’. ಮದುವೆ ಆಯ್ತು, ‘ಗಾಟ್ ಮ್ಯಾರೀಡ್’. ಅರ್ಥ ಆಯ್ತು, ‘ಗಾಟ್ ಇಟ್’. ‘ಟೇಕ್’ಗೆ ‘ತಗೋ’ ಜೊತೆಗೆ ‘ಹಿಡಿ’ ಸೇರಿಸಿಕೊಳ್ಳಿ: ಸಿಲ್ಕ್ ಬೋರ್ಡಿನಿಂದ ಹೆಬ್ಬಾಳಕ್ಕೆ ಎರಡು ಗಂಟೆ ಹಿಡೀತು, ‘ಇಟ್ ಟುಕ್ ಟೂ ಅವರ್ಸ್’. ಈ ‘ಇಟ್’ ಯಾವುದು ಅಂತ ಹುಡುಕಬೇಡಿ. ಕನ್ನಡದಲ್ಲಿ ಕರ್ತೃ ಇಲ್ಲದೆ ವಾಕ್ಯ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ಆ ಕುರ್ಚಿ ಖಾಲಿ ಬಿಡುವ ಹಾಗಿಲ್ಲ. ಯಾರೂ ಇಲ್ಲದಿದ್ದರೆ ‘ಇಟ್’ ಬಂದು ಕೂರುತ್ತದೆ.

‘ಎ’ ಮತ್ತು ‘ದಿ’ ಕನ್ನಡದಲ್ಲಿ ಇಲ್ಲ ಅಂತ ಹೇಳುವುದು ವಾಡಿಕೆ. ಪದಗಳಿಲ್ಲ, ಕೆಲಸ ಇದೆ. ‘ಒಬ್ಬ ಹುಡುಗ ಬಂದ’ ಅಂದರೆ ಯಾರೋ ಹೊಸಬ. ‘ಹುಡುಗ ಬಂದ’ ಅಂದರೆ ನಿಮಗೂ ನನಗೂ ಗೊತ್ತಿರುವವನು. ‘ಎ’ ಹುಟ್ಟಿದ್ದೇ ‘ಒಂದು’ ಎಂಬ ಪದದಿಂದ, ‘ದಿ’ ಹುಟ್ಟಿದ್ದು ‘ಆ’ ಎಂದು ತೋರಿಸುವ ಪದದಿಂದ. ಇನ್ನೂ ಸೂಕ್ಷ್ಮವಾದ ಗುರುತು ‘ಅನ್ನು’ವಿನಲ್ಲಿದೆ. ‘ಪುಸ್ತಕ ತಂದೆ’ ಅಂದರೆ ಯಾವುದೋ ಪುಸ್ತಕ. ‘ಪುಸ್ತಕಾನ ತಂದೆ’ ಅಂದರೆ ನಿನ್ನೆ ಮಾತಾಡಿದ ಅದೇ ಪುಸ್ತಕ. ‘ಅನ್ನು’ ಸೇರಿಸಬೇಕು ಅನ್ನಿಸಿದ ವಸ್ತುವಿಗೆ ‘ದಿ’ ಹಾಕಿ ಅಂತ ನಾನು ಹೇಳುತ್ತೇನೆ. ಹೆಚ್ಚಿನ ಕಡೆ ಕೈಕೊಡುವುದಿಲ್ಲ.

‘ಎ’ ಬರಬೇಕೋ ‘ಆ್ಯನ್’ ಬರಬೇಕೋ ಎಂಬುದಕ್ಕೆ ಕನ್ನಡ ಲಿಪಿಯಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಪದವನ್ನು ಕನ್ನಡದಲ್ಲಿ ಬರೆಯಿರಿ. ಮೊದಲಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಎಂಎಲ್‌ಎ, ಎನ್‌ಒಸಿ, ಐಟಿ ಕಂಪನಿ, ಅವರ್ — ಎಲ್ಲ ಸ್ವರ. ಯೂನಿವರ್ಸಿಟಿ, ಯುಪಿಎಸ್, ಬಿಎಂಟಿಸಿ ಬಸ್ — ಎಲ್ಲ ವ್ಯಂಜನ. ಇಂಗ್ಲಿಷ್ ಕಾಗುಣಿತ ಮುಚ್ಚಿಡುವ ಶಬ್ದವನ್ನು ನಮ್ಮ ಲಿಪಿ ಬಿಚ್ಚಿ ತೋರಿಸುತ್ತದೆ. ಒಂದು ಎಚ್ಚರ ಬೇಕು: ‘ಒನ್ ವೇ’ ಎಂದು ನಾವು ಸ್ವರದಲ್ಲಿ ಬರೆದರೂ ಅವರ ಬಾಯಲ್ಲಿ ಅದು ‘ವನ್’, ಆದ್ದರಿಂದ ‘ಎ’. ನಾವು ‘ಯೆಗ್ಗು’ ಅಂದರೂ ಅವರಿಗದು ‘ಎಗ್’, ಆದ್ದರಿಂದ ‘ಆ್ಯನ್’.

ಔಷಧಿ ಚೀಟಿಯಲ್ಲಿನ ‘ಟ್ವೈಸ್ ಎ ಡೇ’ಯಲ್ಲಿರುವ ‘ಎ’ ಮಾತ್ರ ಬೇರೆ ಮನೆತನದ್ದು. ಅದು ಮೂಲದಲ್ಲಿ ‘ಆನ್’. ಸವೆದು ‘ಎ’ ಆಗಿ, ‘ಒಂದು’ವಿನ ವೇಷದಲ್ಲಿ ನಿಂತಿದೆ. ಕನ್ನಡದಲ್ಲಿ ಅಲ್ಲಿ ಬರುವುದು ‘ಕ್ಕೆ’: ದಿನಕ್ಕೆ ಎರಡು ಸಲ. ತರಕಾರಿ ಗಾಡಿಯವರ ‘ಕಿಲೋಗೆ ಅರವತ್ತು’ ಕೂಡ ‘ಸಿಕ್ಸ್ಟಿ ರುಪೀಸ್ ಎ ಕಿಲೋ’.

ಬೆಂಗಳೂರಿನ ‘ಓನ್ಲಿ’ಯ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಐ ಆ್ಯಮ್ ಆನ್ ದ ಬಸ್ ಓನ್ಲಿ’ ಎಂಬುದನ್ನು ಎಷ್ಟೋ ಜನ ಆಡಿಕೊಳ್ಳುತ್ತಾರೆ. ಅದು ‘ಬಸ್ಸಲ್ಲೇ ಇದ್ದೀನಿ’ ಎಂಬುದರ ‘ಏ’. ಆ ‘ಏ’ ಎಷ್ಟು ಅಮೂಲ್ಯವಾದ ಅಕ್ಷರ ಅಂದರೆ, ಇಂಗ್ಲಿಷಿಗೆ ಅದನ್ನು ಹೇಳಲು ಒಂದು ಪದ ಸಾಲದು. ಇಲ್ಲೇ, ‘ರೈಟ್ ಹಿಯರ್’. ಈಗಲೇ, ‘ರೈಟ್ ನೌ’. ಅವನೇ, ‘ಹಿ ಹಿಮ್ಸೆಲ್ಫ್’. ಉಳಿದ ಕಡೆ ದನಿ ಒತ್ತಿ ಹೇಳುತ್ತಾರೆ. ‘ಓನ್ಲಿ’ಗೆ ಅವರಲ್ಲಿರುವ ಅರ್ಥ ‘ಮಾತ್ರ’. ‘ಐ ವಿಲ್ ಕಮ್ ಟುಮಾರೋ ಓನ್ಲಿ’ ಎಂದು ಮೇಲ್ ಬರೆದರೆ ‘ನಾಳೆಯೇ ಬರ್ತೀನಿ’ ಎಂಬ ನಿಮ್ಮ ಭರವಸೆ ಅವರಿಗೆ ‘ನಾಳೆ ಮಾತ್ರ ಬರ್ತೀನಿ’ ಎಂದು ಮುಟ್ಟಬಹುದು. ಊರಿನವರ ಜೊತೆ ಮಾತಿನಲ್ಲಿ ಇರಲಿ, ಹೊರಗಿನವರಿಗೆ ಬರೆಯುವಾಗ ತೆಗೆಯಿರಿ.

ಹೋದ ತಿಂಗಳು ಎಲೆಕ್ಟ್ರಿಷಿಯನ್ ಹೊಸ ಪಾಸ್‌ಪೋರ್ಟ್ ತಂದು ತೋರಿಸಿದ. ಕತಾರಿಗೆ ಕೆಲಸಕ್ಕೆ ಹೋಗುವವನಿದ್ದಾನೆ. ಒಳಪುಟದಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಅಚ್ಚಾಗಿರುವ ಸಾಲನ್ನು ಬೆರಳಿಟ್ಟು ಓದಿದ: ಈ ಪಾಸ್‌ಪೋರ್ಟ್ ಉಳ್ಳವರನ್ನು ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಹೋಗಲು ಬಿಡಬೇಕು ಎಂದಿದೆ. “ಮೇಡಂ, ‘ಲೆಟ್’ ಅಂದ್ರೆ ಬಿಡು ಅಂತ ಹೇಳಿದ್ರಿ. ‘ವಿದೌಟ್ ಲೆಟ್’ ಅಂದ್ರೆ ಬಿಡದೆ ಅಂತಾಗಲ್ವಾ?”

ಬಹಳ ಒಳ್ಳೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ‘ಲೆಟ್’ ಎರಡಿದ್ದವು. ಹುಟ್ಟಿನಲ್ಲಿ ಬೇರೆ ಬೇರೆ ಪದಗಳು. ಕಾಲ ಹೋದ ಹಾಗೆ ಸವೆದು ಒಂದೇ ರೂಪಕ್ಕೆ ಬಂದವು. ಒಂದಕ್ಕೆ ‘ಬಿಡು’ ಎಂಬ ಅರ್ಥ, ಇನ್ನೊಂದಕ್ಕೆ ನೇರ ವಿರುದ್ಧವಾದ ‘ತಡೆ’ ಎಂಬ ಅರ್ಥ. ತಡೆ ಎಂಬ ‘ಲೆಟ್’ ಮಾತಿನಿಂದ ಮರೆಯಾಗಿ, ಇಂಥ ಕಾನೂನಿನ ಸಾಲುಗಳಲ್ಲಿ ಮತ್ತು ಟೆನಿಸ್ಸಿನಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿದಾಗ ಕೂಗುವ ‘ಲೆಟ್’ನಲ್ಲಿ ಉಳಿದಿದೆ. ಬಿಡು ಎಂಬ ‘ಲೆಟ್’ ನಮ್ಮ ಪ್ರತಿ ಬೀದಿಯಲ್ಲೂ ಗೇಟಿಗೆ ನೇತಾಡುತ್ತಿದೆ, ‘ಟು-ಲೆಟ್’ ಬೋರ್ಡಿನಲ್ಲಿ. ಹೋಗಲು ಬಿಡು, ಬಾಡಿಗೆಗೆ ಬಿಡು: ಕನ್ನಡದಲ್ಲೂ ಎರಡಕ್ಕೂ ಒಂದೇ ಪದ.

ಅವನು ಪಾಸ್‌ಪೋರ್ಟಿನ ಆ ಪುಟದ ಫೋಟೋ ತೆಗೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಅದರ ಕೆಳಗೆ ‘ಲೆಟ್ = ತಡೆ’ ಎಂದು ಬರೆದು, ಪಕ್ಕದಲ್ಲಿ ‘ಇಲ್ಲಿ ಮಾತ್ರ’ ಎಂದು ಸೇರಿಸಿದ.